ಇದು ಯಾವ ಕೆಂಪು?

ಜನವರಿ ೧೨

ಮೊಂಡಿಗೆ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನಾನು ಕೂಗಾಡುತ್ತೇನೆ. ಅದಕ್ಕೇ ನಿಮ್ಮಮ್ಮ ಪೆನ್ನು, ಕಾಗದ ತಂದು ಮುಂದಿಟ್ಟು, "ಇದರ ಮೇಲೆ ಎಷ್ಟು ಬೇಕಾದ್ರೂ ಕೂಗಾಡಿ, ಅಕ್ಕಪಕ್ಕದವರಿಗೆ ಕೇಳ್ಸಲ್ಲ" ಎಂದಳು. ಆರು ವರ್ಷದ ಮೇಲೆ ಮಗಳಿಗೆ ಏನು ಬರೆಯುವುದು, ನೀನೇ ಹೇಳು.

ನಾನು ಆಸ್ಪತ್ರೆಯಲ್ಲಿದ್ದಾಗ ನೀನು ಬಂದಿದ್ದೆಯಂತೆ. ಎಚ್ಚರವಾಗುವ ಮೊದಲೇ ಹೋದೆಯಂತೆ. ಹೋಗಲಿ, ಬಂದೆಯಲ್ಲ. ಮೂತ್ರಕೋಶದಲ್ಲಿ ಗಡ್ಡೆ ಇದ್ದದ್ದು, ಕ್ಯಾನ್ಸರ್ ಎಂದು ಗೊತ್ತಾಗಿ ಮೂತ್ರಕೋಶವನ್ನೇ ತೆಗೆದದ್ದು, ಇಷ್ಟು ಅಮ್ಮ ಹೇಳಿರುತ್ತಾಳೆ. ಈಗ ಹೊಟ್ಟೆಯ ಬಲಗಡೆ ಒಂದು ಸಣ್ಣ ಬಾಯಿ ಮಾಡಿ ಅದಕ್ಕೊಂದು ಚೀಲ ಅಂಟಿಸಿದ್ದಾರೆ. ನನ್ನ ಅಪ್ಪಣೆ ಕೇಳದೆ ಮೂತ್ರ ಅದಕ್ಕೆ ಇಳಿಯುತ್ತಿರುತ್ತದೆ. ಮೂರು ತಾಸಿಗೊಮ್ಮೆ ಖಾಲಿ ಮಾಡಬೇಕು, ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ಬದಲಿಸುವಾಗ ಕೈಗವಸು ಹಾಕಿಕೊಳ್ಳಬೇಕು ಎಂದು ನರ್ಸಮ್ಮ ಕಲಿಸಿದ್ದಾಳೆ. ಹೌದು, ಕೈಗವಸು. ನಗಬೇಕೆನಿಸಿದರೆ ನಕ್ಕುಬಿಡು.

ಫೆಬ್ರವರಿ ಎರಡು, ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತೇನೆ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದಾರೆ. ನೂಲಿನ ಒದ್ದೆ ಲಡಿ ಎತ್ತುವುದು ಮುಗಿಯಿತು. ಆದರೆ ಕಣ್ಣು ಹಾಗೇ ಇದೆಯಲ್ಲ! ಕಿಟಕಿ ಪಕ್ಕ ಕೂತು ಬಣ್ಣ ತಾಳೆ ನೋಡಲು ಹೊಟ್ಟೆಯಲ್ಲಿ ಏನಿದ್ದರೇನು, ಏನಿಲ್ಲದಿದ್ದರೇನು. ಮನೆಯಲ್ಲಿ ಕೂತು ಗೋಡೆಯ ಬಣ್ಣ ನೋಡಿ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಒಂದು ಮಾತು ಕೇಳುತ್ತೇನೆ. ಹಂಡೆಯಿಂದ ಎಳೆ ತೆಗೆದು, ತುಟಿಯಲ್ಲಿ ಹಿಂಡಿ, ಬಣ್ಣ ಕಚ್ಚುವಷ್ಟು ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ನಾಲಿಗೆಗಿಟ್ಟು ನೋಡುವುದನ್ನು ನಿನಗೆ ಕಲಿಸಿದ್ದೆನಲ್ಲ. ಅಲ್ಲಿನ ಬಣ್ಣದ ಮನೆಯಲ್ಲಿ ಈಗಲೂ ಹಾಗೆ ಮಾಡುತ್ತೀಯಾ? ಹೌದೋ ಅಲ್ಲವೋ, ಅಷ್ಟು ಬರೆದರೆ ಸಾಕು.

ನಿನ್ನ
ಅಪ್ಪ

ಮಗಳೇ, ಅಮ್ಮ ಬರೆಯುತ್ತಿದ್ದೇನೆ. ಇವರು ಅಂಚೆಗೆ ಹಾಕಲು ಕೊಟ್ಟರು, ನಾನು ಓದಿದೆ. ನಾಲಿಗೆಯ ಮಾತು ಯಾಕೆ ಕೇಳುತ್ತಿದ್ದಾರೋ ನನಗೂ ಹೇಳಿಲ್ಲ. ಡಾಕ್ಟರು ಏನು ಕೆಲಸ ಎಂದು ಕೇಳಿದಾಗ "ಮೂವತ್ತೆಂಟು ವರ್ಷದಿಂದ ನೂಲಿಗೆ ಬಣ್ಣ ಹಾಕ್ತೀನಿ" ಅಂದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ "ಮನೇಲಿ ಬೇರೆ ಯಾರಾದ್ರೂ ಇದೇ ಕೆಲಸದಲ್ಲಿದ್ದಾರಾ?" ಅಂದರು. "ಯಾರೂ ಇಲ್ಲ" ಅಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಯಾಕೆ ಹಾಗಂದಿರಿ ಎಂದರೆ ಗೋಡೆ ಕಡೆ ತಿರುಗಿ ಮಲಗಿದರು. ನಿನಗೆ ಏನಾದರೂ ತಿಳಿದರೆ ಬರಿ.


ಜನವರಿ ೩೦

ಅಪ್ಪನವರಿಗೆ,

ನಿಮ್ಮ ಕಾಗದ ಬಂತು. ಆರು ವರ್ಷ ಆದಮೇಲೆ ಬರೆಯುತ್ತಿದ್ದೀರಿ, ಹೇಗಿದ್ದೀಯ ಎಂದು ಒಂದು ಮಾತಿಲ್ಲ. ಕೇಳಿದ್ದು ನಿಮ್ಮ ಪಾಠ ನೆನಪಿದೆಯೋ ಇಲ್ಲವೋ ಅಂತ. ಪರೀಕ್ಷೆ ಇನ್ನೂ ಮುಗಿದಿಲ್ಲವಾ?

ಹಾಗಾದರೆ ಉತ್ತರ ಬರೆದುಕೊಳ್ಳಿ. ಹೌದು, ಈಗಲೂ ನಾಲಿಗೆಗಿಟ್ಟೇ ನೋಡುತ್ತೇನೆ, ದಿನಕ್ಕೆ ಇಪ್ಪತ್ತು ಸಲ. ಇಲ್ಲಿ ಉಪ್ಪು ಅಳೆಯಲು ಯಂತ್ರ ಇದೆ. ಯಂತ್ರ ಹೇಳುವ ಮೊದಲು ನಾನು ಹೇಳುತ್ತೇನೆ. ನನ್ನ ಕೈಕೆಳಗಿನ ನಾಲ್ಕು ಜನ ಹೆಂಗಸರಿಗೂ ಕಲಿಸಿದ್ದೇನೆ. ಕೈಗೆ ಕೈಗವಸು ಹಾಕಿಕೊಂಡೇ ನಾಲಿಗೆಗೆ ಇಡುತ್ತೇವೆ, ಆಯಿತಾ? ನಿಮ್ಮ ಬಣ್ಣದ ಮನೆಯಿಂದ ಹೊರಬೀಳುವಾಗ ನಾನು ತಂದದ್ದು ಅದೊಂದೇ. ಉಳಿದದ್ದನ್ನೆಲ್ಲ ನೀವು ನೀಲಿ ಹಂಡೆಗೆ ಎಸೆದಿರಲ್ಲ.

ಅಂಗೈ ಬಿರುಕು ಬಿಟ್ಟು ರಕ್ತ ಬರುತ್ತಿದ್ದ ಹನ್ನೊಂದು ಜನಕ್ಕೆ ಕೈಗವಸು ತಂದೆ ನಾನು. ಡಬ್ಬಿಗೆ ಡಬ್ಬಿಯನ್ನೇ ಹಂಡೆಗೆ ಹಾಕಿ, "ಕೈಗೆ ಬಣ್ಣ ಹತ್ತದವರು ಬಣ್ಣಗಾರರೇ ಅಲ್ಲ, ಮನೆಗೆ ಹೋಗಿ ಪಾತ್ರೆ ತೊಳಿ" ಅಂದಿರಿ. ಎಲ್ಲರೂ ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಡಾಕ್ಟರ ಮುಂದೆ "ಯಾರೂ ಇಲ್ಲ" ಅಂದಿದ್ದನ್ನು ಅಮ್ಮ ಬರೆದಿದ್ದಾಳೆ. ಅರ್ಥವಾಗಲು ಅದರಲ್ಲೇನಿದೆ? ಸಾವಿನ ಬಾಗಿಲಿಗೆ ಹೋಗಿ ಬಂದರೂ ನನ್ನನ್ನು ಬಣ್ಣಗಾರಳು ಎಂದು ಒಪ್ಪಲು ನಿಮಗೆ ಬಾಯಿ ಬರಲಿಲ್ಲ.

ಭಾರ ಎತ್ತಬೇಡಿ. ಅಮ್ಮನಿಗೂ ಹೇಳಿ.

ಇಂತು,
ಮಗಳು


ಫೆಬ್ರವರಿ ೧೪

ಮೊಂಡಿಗೆ,

"ನೀವು, ನಿಮ್ಮ" ಎಂದು ಬರೆದಿದ್ದೀಯ. ಅಂಗಡಿಯವನಿಗೆ ಬರೆದ ಹಾಗಿದೆ. ಇರಲಿ, ನನಗೆ ಆಗಬೇಕಾದ್ದೇ.

ಡಾಕ್ಟರ ಮುಂದೆ ನಾನು ಅಂದದ್ದರ ಬಗ್ಗೆ ಈಗ ಬರೆಯಲು ಆಗುತ್ತಿಲ್ಲ. ಕೆಲಸದ ಸುದ್ದಿ ಬರೆಯುತ್ತೇನೆ, ಓದು.

ಎರಡನೇ ತಾರೀಖು ಹೋದೆ. ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಕಿಟಕಿ ಪಕ್ಕ ನನಗೊಂದು ಕೈ ಇರುವ ಕುರ್ಚಿ ಹಾಕಿದ್ದರು. ಅದನ್ನು ನೋಡಿದ ತಕ್ಷಣ ಮುದುಕನಾದೆ. ನಮ್ಮ ಬಣ್ಣದ ಮನೆಯ ಹಬೆ ಗೊತ್ತಲ್ಲ, ಅದಕ್ಕೆ ಚೀಲದ ಅಂಟು ಬಿಡುತ್ತದೆ. ಆಸ್ಪತ್ರೆಯವರು ಎಲ್ಲಾ ಹೇಳಿದ್ದರು, ಇದೊಂದನ್ನು ಹೇಳಿರಲಿಲ್ಲ. ಅವರಿಗೇನು ಗೊತ್ತು, ಹಂಡೆ ಪಕ್ಕ ನಿಂತವರೇ? ಮೂರನೇ ದಿನ ಅಂಗಿ ಒದ್ದೆಯಾಯಿತು. ಅಲ್ಲಿ ಎಲ್ಲರ ಅಂಗಿಯೂ ಒದ್ದೆ, ಎಲ್ಲರ ಮೇಲೂ ಒಂದೊಂದು ಬಣ್ಣ, ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ನನ್ನ ವಾಸನೆ ಬರುತ್ತಿತ್ತು. ಕಕ್ಕಸಿನ ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ. ಒಳಗೆ ನಾನಿದ್ದೇನೆ ಎಂದು ತಿಳಿಯಲಿ ಅಂತ ಕೆಮ್ಮುತ್ತಾ ಕೂರುತ್ತೇನೆ. ಕೆಮ್ಮಿದರೆ ಹೊಲಿಗೆ ಹಾಕಿದ ಜಾಗ ನೋಯುತ್ತದೆ.

ಬಣ್ಣದ ಪುಡಿ ತೂಗುವವನು, ನಮ್ಮ ತಕ್ಕಡಿ, ನೆನಪಿದ್ದಾನಲ್ಲ? ಮೂವತ್ತು ವರ್ಷದಿಂದ ನನ್ನ ಊಟದ ಡಬ್ಬಿ ನನಗಿಂತ ಮೊದಲು ತೆಗೆಯುವವನು. ನಿಮ್ಮಮ್ಮ ಡಬ್ಬಿಯ ಮೇಲಿನ ಖಾನೆಯಲ್ಲಿ ಬದಲಿ ಚೀಲ ಇಟ್ಟಿದ್ದಳು. "ಇದೇನ್ ಮೇಷ್ಟ್ರೇ, ಹೊಸ ತಿಂಡಿ?" ಅಂತ ಎತ್ತಿ ಹಿಡಿದ. ಆಮೇಲೆ ಅವನಿಗೇ ತಿಳಿಯಿತು. ಮೆಲ್ಲಗೆ ಮುಚ್ಚಿ, ಒರೆಸಿ, ನನ್ನ ಮುಂದಿಟ್ಟು ಹೋದ. ಅವತ್ತಿನಿಂದ ನನ್ನ ಡಬ್ಬಿ ಮುಟ್ಟಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು.

ಮೊದಲ ದಿನದ ಸಂಗತಿ ಬರೆಯಬಾರದು ಅಂದುಕೊಂಡಿದ್ದೆ. ದಿನದ ಮೊದಲ ಎಳೆ ಬಣ್ಣದ ಮೇಷ್ಟ್ರ ನಾಲಿಗೆಗೇ ಬರಬೇಕು, ಆಮೇಲೇ ಉಳಿದ ಕೆಲಸ, ಅದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ನಾನಿಲ್ಲದ ನಾಲ್ಕು ತಿಂಗಳು ಹೇಗೋ ನಡೆಸಿದ್ದರು. ಅವತ್ತು ಕೆಂಪಿನ ಹಂಡೆ ಕಾಯಿಸಿ, ಹನ್ನೊಂದು ಜನವೂ ಸುತ್ತ ನಿಂತಿದ್ದರು. "ಮೇಷ್ಟ್ರೇ, ಹಂಡೆ ನಿಮಗೋಸ್ಕರ ಕಾಯ್ತಾ ಇದೆ" ಎಂದು ತಕ್ಕಡಿ ಎಳೆ ಚಾಚಿದ. ಎಲ್ಲರ ಮುಖದಲ್ಲೂ ನಗು. ನಾಲಿಗೆಗೆ ಇಟ್ಟುಕೊಂಡೆ. "ಉಪ್ಪು ಸಾಕು" ಅಂದೆ. ಚಪ್ಪಾಳೆ ತಟ್ಟಿದರು.

ಆ ಎಳೆಯನ್ನೇ ಒಣಗಿಸಿ ಇದರ ಜೊತೆ ಇಟ್ಟಿದ್ದೇನೆ. ನೀನು ಚಿಕ್ಕವಳಿದ್ದಾಗ ಸಂಜೆ ನನ್ನ ಜೇಬಿಗೆ ಕೈಹಾಕಿ ಎಳೆ ತೆಗೆಯುತ್ತಿದ್ದೆ, ನಾನು ಕೇಳುತ್ತಿದ್ದೆ: ಇದು ಯಾವ ಕೆಂಪು? ಒಂದು ದಿನವೂ ತಪ್ಪು ಹೇಳಲಿಲ್ಲ ನೀನು. ಆಗ ಹೊಗಳಲಿಲ್ಲ, ಈಗ ಬರೆಯುತ್ತಿದ್ದೇನೆ.

ಬಾಯಿಗೆ ಇಡಬೇಡ. ಕಣ್ಣಲ್ಲೇ ನೋಡಿ ಹೇಳು.

ನಿನ್ನ
ಅಪ್ಪ


ಮಾರ್ಚ್ ೨೧

ಮಗಳೇ,

ಐದು ವಾರವಾಯಿತು, ನಿನ್ನಿಂದ ಒಂದು ಗೀಟೂ ಇಲ್ಲ. ನೀನು ಬರೆಯಲಿ ಅಂತ ಕಾಯುವ ಹಕ್ಕು ನನಗಿಲ್ಲ. ಹೇಳಬೇಕಾದವನು ನಾನು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿಮ್ಮಮ್ಮ ಒಳಗೆ ಬರುವ ಮೊದಲೇ, ನನ್ನ ಕೈಯ ಬಣ್ಣ ನೋಡಿ ಡಾಕ್ಟರು ಹೇಳಿದ್ದು ಇಷ್ಟು. ನನ್ನ ಕಾಯಿಲೆ ಬಣ್ಣದಿಂದ ಬಂದಿರಬಹುದು. ಇದರಿಂದಲೇ ಎಂದು ಗಟ್ಟಿಯಾಗಿ ಹೇಳಲಾಗದು, ಎಲ್ಲರಿಗೂ ಬರುವುದಿಲ್ಲ. ಬಂದರೂ ಇಪ್ಪತ್ತು, ಮೂವತ್ತು ವರ್ಷ ಸುಮ್ಮನಿದ್ದು ಬರುತ್ತದೆಯಂತೆ, ಒಮ್ಮೊಮ್ಮೆ ಬೇಗ. "ಸಿಗರೇಟು?" ಅಂದರು. ನಾನು ಯಾವತ್ತು ಸೇದಿದ್ದೇನೆ? "ಆ ಹಳೇ ಪುಡಿಗಳನ್ನ ನಾನಾಗಿದ್ರೆ ಕೈಯಲ್ಲೂ ಮುಟ್ಟಲ್ಲ" ಅಂದರು. ಕೈಯಲ್ಲೂ! ನಾಲಿಗೆಯ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಅವರು ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದ್ದು. ಇದ್ದಾಳೆ ಅಂದರೆ ಎಲ್ಲಿ ಕಲಿತಳು ಅನ್ನುತ್ತಾರೆ. ನಾನು ಕಲಿಸಿದೆ ಅನ್ನಬೇಕು. ಹದಿನೆಂಟನೇ ವಯಸ್ಸಿನಲ್ಲಿ ನೀನು ಮೊದಲ ಸಲ ಎಳೆ ಬಾಯಿಗಿಟ್ಟು ಮುಖ ಕಿವುಚಿಕೊಂಡೆ, ಉಗಿಯಲು ಹೋದೆ. "ನುಂಗು, ಉಗುಳಿದ್ರೆ ರುಚಿ ಕಲಿಯಲ್ಲ" ಅಂದವನು ನಾನು. ಆ ಮಾತು ಡಾಕ್ಟರ ಮುಂದೆ ಆಡಲಾರದೆ "ಯಾರೂ ಇಲ್ಲ" ಅಂದುಬಿಟ್ಟೆ. ನಿನ್ನನ್ನು ಬಣ್ಣಗಾರಳಲ್ಲ ಎಂದು ಅಂದಿದ್ದಲ್ಲ. ಮೊದಲ ಸಲ ನನಗೆ ನೀನು ಬಣ್ಣಗಾರಳಾಗದೇ ಇದ್ದಿದ್ದರೆ ಎನಿಸಿತ್ತು.

ಇನ್ನೊಂದು ನಾಚಿಕೆಗೇಡು ಇದೆ. ಅದನ್ನೂ ಕೇಳಿಬಿಡು. ಆಪರೇಷನ್ನಿಗೆ ಒಂದು ವರ್ಷ ಮೊದಲಿನಿಂದಲೇ ಮೂತ್ರಕ್ಕೆ ಹೋದಾಗ ಕೆಂಪು ಕಾಣುತ್ತಿತ್ತು. ಆ ಕಕ್ಕಸಿನಲ್ಲೇ ಎಲ್ಲರೂ ಬಕೆಟ್ಟು ತೊಳೆಯುತ್ತಾರೆ, ಒಂದು ದಿನ ನೀಲಿ, ಒಂದು ದಿನ ಹಸಿರು. ಕೆಂಪು ಕಂಡರೆ ಯಾರೋ ತೊಳೆದದ್ದು ಅಂದುಕೊಂಡೆ. ಮನೆಯಲ್ಲಿ ಕಂಡಾಗ ನನ್ನ ಕೈಯಿಂದ ಬಿದ್ದದ್ದು ಅಂದುಕೊಂಡೆ. ಹನ್ನೊಂದು ಕೆಂಪನ್ನು ಕಣ್ಣುಮುಚ್ಚಿ ಹೇಳುತ್ತೇನೆ ಎಂದು ಮೆರೆದವನು, ನನ್ನ ಮೈಯಿಂದ ಬಂದ ಕೆಂಪನ್ನು ಗುರುತು ಹಿಡಿಯಲಿಲ್ಲ. ಒಂದು ವರ್ಷ ಮೊದಲೇ ಹೋಗಿದ್ದರೆ ಮೂತ್ರಕೋಶ ಉಳಿಯುತ್ತಿತ್ತೇನೋ ಎಂದರು.

ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಹನ್ನೊಂದು ಜನರ ಮುಂದೆ ಎಳೆ ಬಾಯಿಗೆ ಇಟ್ಟುಕೊಂಡೆನಲ್ಲ, ಏನನ್ನಬೇಕು ನನಗೆ? ಕುರ್ಚಿ ಹಾಕಿದ್ದರು. ನಗುತ್ತಿದ್ದರು. ನಾಲ್ಕು ತಿಂಗಳಿಂದ ನಾನು ರೋಗಿಯಾಗಿದ್ದೆ, ಆ ಒಂದು ಗಳಿಗೆ ಮತ್ತೆ ಮೇಷ್ಟ್ರಾಗಬೇಕು ಅನಿಸಿತು.

ಮೊನ್ನೆ ಸೋಮವಾರ ಬಾಯಿಬಿಟ್ಟೆ. ತಕ್ಕಡಿ ಎಳೆ ಚಾಚಿದಾಗ, "ಇಡಲ್ಲ. ನೀವೂ ಇಡಬೇಡಿ. ನಾನು ಕಲಿಸಿದ್ದು ತಪ್ಪು" ಅಂದೆ. ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಒಬ್ಬ, "ಆಪರೇಷನ್ ಆದ್ಮೇಲೆ ಮೇಷ್ಟ್ರಿಗೆ ಭಯ ಹತ್ಕೊಂಡಿದೆ" ಅಂದ. ಲಡಿ ಹಿಂಡುವಾಕೆ, ಇಪ್ಪತ್ತೆರಡು ವರ್ಷದಿಂದ ಇರುವವಳು, ಅವಳೊಬ್ಬಳು ನಗಲಿಲ್ಲ. "ಹಂಗಾದ್ರೆ ನಮ್ಮ ಗತಿ ಏನು ಮೇಷ್ಟ್ರೇ?" ಎಂದಳು. ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಬೇರೆ ಏನು ಹೇಳಲಿ? ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

ಸಂಜೆ ಮ್ಯಾನೇಜರು ಕರೆದು, "ನಿಮಗೆ ವಿಶ್ರಾಂತಿ ಬೇಕು, ಜನರನ್ನ ಹೆದರಿಸ್ಬೇಡಿ" ಅಂದರು. ಈಗ ನನ್ನ ಕುರ್ಚಿ ಕಿಟಕಿ ಪಕ್ಕದಿಂದ ಗೋದಾಮಿಗೆ ಹೋಗಿದೆ. ಅಲ್ಲಿ ಕೂತು ಹಳೆಯ ಮಾದರಿ ನೂಲನ್ನು ರಟ್ಟಿಗೆ ಅಂಟಿಸುತ್ತೇನೆ. ಬೆಳಕಿಲ್ಲ. ಟ್ಯೂಬ್ ಲೈಟಿನಲ್ಲಿ ಎಲ್ಲ ಕೆಂಪೂ ಒಂದೇ ಥರ ಕಾಣುತ್ತವೆ.

ನೀನು ನಿಲ್ಲಿಸು. ನಿನ್ನ ಆ ನಾಲ್ಕು ಜನಕ್ಕೂ ಹೇಳು. ಪರೀಕ್ಷೆ ಮಾಡಿಸಿಕೋ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಅದಕ್ಕೂ ಇದಕ್ಕೂ ಗಂಟು ಹಾಕಬೇಡ. ಕೈಗವಸಿನ ವಿಷಯದಲ್ಲಿ ನೀನು ಸರಿ ಇದ್ದೆ. ತಪ್ಪಾಯಿತು ಮಗಳೇ.

ಅಪ್ಪ


ಮೇ ೪

ಅಪ್ಪಾ,

ನಿನ್ನ ಕಾಗದ ಬಂದ ದಿನ ನಿಂತಲ್ಲೇ ಓದಿದೆ. ಸುಳ್ಳು ಹೇಳಲ್ಲ, ಮೊದಲು ಖುಷಿಯಾಯಿತು. ಕೊನೆಗೂ ಸೋತೆಯಲ್ಲ, ತಪ್ಪಾಯಿತು ಅಂದೆಯಲ್ಲ ಅಂತ. ಆರು ವರ್ಷದಿಂದ ಆ ಒಂದು ಮಾತಿಗೆ ಕಾದಿದ್ದೆ. ಎರಡನೇ ಸಲ ಓದಿದಾಗ ಖುಷಿ ಇರಲಿಲ್ಲ. ಗೋದಾಮಿನ ಟ್ಯೂಬ್ ಲೈಟಿನ ಕೆಳಗೆ ನಿನ್ನನ್ನು ಕೂರಿಸಿದ್ದು ನೆನೆಸಿಕೊಂಡು ಅಳು ಬಂತು.

ಮರುದಿನವೇ ನಿಲ್ಲಿಸಿದೆ. ನಾಲ್ಕು ಜನಕ್ಕೂ ಹೇಳಿದೆ. ಒಬ್ಬಳು "ಮೊದಲೇ ಹೇಳ್ಬಾರ್ದಿತ್ತೇನಕ್ಕಾ" ಅಂದಳು. ಲಡಿ ಹಿಂಡುವಾಕೆಗೆ ನೀನು ಹೇಳಿದ್ದನ್ನೇ ನಾನೂ ಹೇಳಿದೆ, ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ನನ್ನ ಪರೀಕ್ಷೆ ಮಾತ್ರ ಇವತ್ತು ನಾಳೆ ಅಂತ ಮುಂದೆ ಹಾಕಿದೆ. ಭಯ ಅಂತ ಒಪ್ಪಿಕೊಳ್ಳದೆ ಇರಲು ನಾನೂ ನಿನ್ನ ಮಗಳೇ ತಾನೆ.

ಏಪ್ರಿಲ್ ಹತ್ತೊಂಬತ್ತು, ಭಾನುವಾರ. ಮೂರು ದಿನದಿಂದ ರಜೆ ಇತ್ತು, ಬಣ್ಣದ ಹತ್ತಿರ ಸುಳಿದಿರಲಿಲ್ಲ. ಅದರ ಹಿಂದಿನ ವಾರವೆಲ್ಲ ಹಸಿರೇ ಹಾಕಿದ್ದು. ಮನೆಯ ಬಚ್ಚಲಲ್ಲಿ ಕೆಂಪು ಕಂಡಿತು. ಮುಟ್ಟಿನ ದಿನವಲ್ಲ. ಆದರೂ ಮೊದಲು ನನ್ನ ಮನಸ್ಸಿಗೆ ಬಂದದ್ದೇನು ಗೊತ್ತಾ? ಬಣ್ಣ. ಉಗುರಿನ ಸಂದಿಯಿಂದ ಬಿದ್ದಿರಬೇಕು ಅಂತ. ನಿನ್ನ ಕಾಗದ ಓದಿ ನಾಲ್ಕು ವಾರ ಆಗಿತ್ತು, ಆದರೂ ಹಾಗೇ ಅಂದುಕೊಂಡೆ. ನಿನ್ನನ್ನು ಬೈಯಲು ನನಗೀಗ ಬಾಯಿಲ್ಲ.

ಮೊನ್ನೆ ಮತ್ತೆ ಬಂತು. ಆಗ ಒಂದು ಬಿಳಿ ಎಳೆ ತೆಗೆದು ಅದರಲ್ಲಿ ಅದ್ದಿದೆ. ಕಿಟಕಿಯಲ್ಲಿ ಒಣಗಿಸಿದೆ. ನೀನು ಕಳಿಸಿದ ಎಳೆಯ ಪಕ್ಕ ಇಟ್ಟು ನೋಡಿದೆ. ನನಗೆ ಏನು ಕಂಡಿತು ಎಂದು ಬರೆಯಲ್ಲ. ಈಗ ನನ್ನ ಕಣ್ಣನ್ನು ನಾನು ನಂಬಲ್ಲ.

ನಾನು ಅದ್ದಿದ ಎಳೆಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದ್ದೇನೆ. ಹದಿನಾಲ್ಕನೇ ತಾರೀಖು, ಗುರುವಾರ, ಡಾಕ್ಟರ ಹತ್ತಿರ ಹೋಗಲು ಸಮಯ ಬರೆಸಿದ್ದೇನೆ. ಹೋಗೇ ಹೋಗುತ್ತೇನೆ, ಹೆದರಬೇಡ. ಆದರೆ ಅದಕ್ಕೂ ಮೊದಲು ನಿನ್ನಿಂದ ಕೇಳಬೇಕು. ಬೆಳಕಿನಲ್ಲಿ ನೋಡು. ಫೋನು ಮಾಡಬೇಡ, ನಿನ್ನ ಉಸಿರಿನಲ್ಲೇ ನನಗೆ ಗೊತ್ತಾಗಿಬಿಡುತ್ತದೆ. ಬರೆದು ಹೇಳು. ಅಮ್ಮನಿಗೆ ಈಗಲೇ ಬೇಡ.

ಅಪ್ಪಾ, ಇದು ಯಾವ ಕೆಂಪು?

ನಿನ್ನ
ಮೊಂಡಿ

ನೀನು ಕಳಿಸಿದ್ದು ಮೂರನೇ ಹಂಡೆಯ ಕೆಂಪು. ಉಪ್ಪು ಸಾಕಾಗಿರಲಿಲ್ಲ. ಸಾಲದು ಅಂದರೆ ಇನ್ನೊಂದು ಎಳೆ ಬಾಯಿಗಿಡಬೇಕಾಗುತ್ತದೆ ಅಂತಲೇ ನೀನು ಸಾಕು ಅಂದದ್ದು, ಈಗ ತಿಳಿಯುತ್ತದೆ.


ಮೇ ೯

ಮಗಳೇ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಕೆಲಸದ ವಿಳಾಸಕ್ಕೆ ಬಂತು. ಗೋದಾಮಿನಲ್ಲಿ ನೋಡಲಿಲ್ಲ. ಊಟದ ಹೊತ್ತಿಗೆ ಮೆಟ್ಟಿಲು ಹತ್ತಿ ಹೋಗಿ, ನನ್ನ ಹಳೆಯ ಕಿಟಕಿ ಹತ್ತಿರ ನಿಂತೆ. ತಕ್ಕಡಿ ನನ್ನನ್ನು ನೋಡಿ ಏನೋ ಕೇಳಲು ಬಂದವನು ನನ್ನ ಮುಖ ಕಂಡು ಹಿಂದೆ ಸರಿದ. ಚೀಲ ಬದಲಿಸಲು ಇಟ್ಟಿದ್ದ ಕೈಗವಸು ಹಾಕಿಕೊಂಡು ಎಳೆಯನ್ನು ಹೊರಗೆ ತೆಗೆದೆ.

ನಮ್ಮ ಕೆಂಪು ಯಾವುದೇ ಇರಲಿ, ಒಣಗಿದರೆ ತಿಳಿಯಾಗುತ್ತದೆ. ಇದು ಕಂದಿದೆ, ಅಂಚಿನಲ್ಲಿ ಕಂದುಗಟ್ಟಿದೆ. ನಮ್ಮ ಕೆಂಪು ಎಳೆಯ ಒಳಗೆ ಇಳಿದಿರುತ್ತದೆ, ಇದು ಮೇಲೆ ಕೂತಿದೆ. ಎರಡು ಸಲ ನೋಡುವ ಅಗತ್ಯ ಇರಲಿಲ್ಲ. ಆದರೂ ಹತ್ತು ಸಲ ನೋಡಿದೆ, ನನ್ನ ಕಣ್ಣು ಒಂದು ಸಲವಾದರೂ ತಪ್ಪು ಹೇಳಲಿ ಅಂತ.

ಇದು ಬಣ್ಣವಲ್ಲ ಮಗಳೇ. ನಿನಗೂ ಗೊತ್ತಿತ್ತು.

ಹಾಗೇ ಆಸ್ಪತ್ರೆಗೆ ಹೋದೆ. ನನ್ನ ಕಡತ ತೆಗೆಸಿದೆ. "ಕುಟುಂಬದಲ್ಲಿ ಇದೇ ಕೆಲಸದವರು" ಎಂಬಲ್ಲಿ "ಯಾರೂ ಇಲ್ಲ" ಅಂತ ಇತ್ತು. ಹೊಡೆದುಹಾಕಿ ಅಂದೆ. "ಯಾಕಜ್ಜ, ಈಗ ನೆನಪಾಯ್ತಾ?" ಎಂದಳು ನರ್ಸಮ್ಮ. "ಮಗಳು, ಹದಿನಾರು ವರ್ಷದಿಂದ" ಎಂದು ಬರೆಸಿದೆ. ಡಾಕ್ಟರು ಸಿಕ್ಕರು. ಬೇಗ ಕಂಡರೆ ಒಳಗಿನಿಂದಲೇ ಕೆರೆದು ತೆಗೆಯಬಹುದು, ನನ್ನ ಹಾಗೆ ಎಲ್ಲವನ್ನೂ ತೆಗೆಯಬೇಕಾಗಿಲ್ಲ ಎಂದರು. ಅಂಥದ್ದೇನೂ ಇಲ್ಲದೆಯೂ ಇರಬಹುದು ಎಂದೂ ಹೇಳಿದರು. ನಾನು ಒಂದು ವರ್ಷ ತಡ ಮಾಡಿದೆ. ನಿನಗೆ ಮೂರು ವಾರ ಆಗಿದೆ. ಅದನ್ನೇ ಹಿಡಿದುಕೊಂಡಿದ್ದೇನೆ, ನೀನೂ ಹಿಡಿದುಕೋ.

ನಿಮ್ಮಮ್ಮನಿಗೆ ಹೇಳಲಿಲ್ಲ. ಮನೆಗೆ ಬಂದು ಕಾಗದ ಜೇಬಿಗಿಟ್ಟುಕೊಂಡು ಕೂತಿದ್ದೆ. ಅವಳು ನನ್ನ ಮುಖ ನೋಡಿದಳು. ಅಟ್ಟದಿಂದ ಪೆಟ್ಟಿಗೆ ಇಳಿಸಿ ನಿನ್ನ ಹಳೆಯ ಹೊದಿಕೆ ಮಡಿಸಿ ಇಡುತ್ತಿದ್ದಾಳೆ. ನನ್ನ ಚೀಲಗಳನ್ನೂ ಇಟ್ಟಿದ್ದಾಳೆ, ಹತ್ತು ದಿನಕ್ಕಾಗುವಷ್ಟು.

ಈ ಕಾಗದ ಮಂಗಳವಾರ ಸಿಗುತ್ತದೆ. ಬುಧವಾರ ಮೊದಲ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ದಾರಿಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಬೇಕಾಗುತ್ತದೆ, ಕಂಡಕ್ಟರು ಬೈದರೆ ಬೈಸಿಕೊಳ್ಳುತ್ತೇನೆ. ಕೆಲಸಕ್ಕೆ ರಜೆ ಕೇಳಲಿಲ್ಲ, ಇನ್ನು ಬರುವುದೇ ಇಲ್ಲ ಎಂದು ಹೇಳಿ ಬಂದೆ.

ಗುರುವಾರ ಡಾಕ್ಟರು ಏನು ಕೆಲಸ ಎಂದು ಕೇಳುತ್ತಾರೆ, ನೀನೇ ಹೇಳು. ಎಷ್ಟು ವರ್ಷ ಎಂದು ಕೇಳುತ್ತಾರೆ, ಅದನ್ನೂ ಹೇಳು. ಬಣ್ಣ ಯಾವತ್ತಾದರೂ ಬಾಯಿಗೆ ಹೋಗಿತ್ತಾ ಎಂದು ಕೇಳಿದರೆ ನೀನು ಸುಮ್ಮನಿರು. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಅದಕ್ಕೆ ನಾನು ಉತ್ತರ ಹೇಳುತ್ತೇನೆ.

ನಿನ್ನ
ಅಪ್ಪ